ಗುರುತು ಸಿಗದ ವಿಡಂಬನೆ: ಡೀಫೋನ ಒಂದು ಕಿರುಹೊತ್ತಗೆಯ ಚರಿತ್ರೆ

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಡ್ಯಾನಿಯಲ್ ಡೀಫೋ ಎಂದರೆ ‘ರಾಬಿನ್ಸನ್ ಕ್ರೂಸೋ’ ಕಥೆಯ ಕರ್ತೃ. ಆ ಗ್ರಂಥ ಪ್ರಕಟವಾದುದು 1719ರಲ್ಲಿ. ಆಗ ಅವನ ವಯಸ್ಸು ಅರವತ್ತರ ಹತ್ತಿರ. ಅದಕ್ಕೆ ಹದಿನಾರು ವರ್ಷಗಳಿಗೂ ಹಿಂದೆ, 1702ರ ಡಿಸೆಂಬರ್ ತಿಂಗಳ ಮೊದಲಲ್ಲಿ, ಅವನು ತನ್ನ ಹೆಸರನ್ನು ಹಾಕದೆ ಹೊರತಂದ ಮೂವತ್ತು ಪುಟಗಳಷ್ಟರ ಒಂದು ಹೊತ್ತಗೆ ಅವನನ್ನು ಸೆರೆಮನೆಗೂ ಲಂಡನ್ನಿನ ಬೀದಿಗಳ ದಂಡಸ್ತಂಭಕ್ಕೂ ಕೊಂಡೊಯ್ದಿತು. ‘ದಿ ಷಾರ್ಟೆಸ್ಟ್ ವೇ ವಿತ್ ದಿ ಡಿಸೆಂಟರ್ಸ್’, ಅಂದರೆ ಭಿನ್ನಮತೀಯರನ್ನು ನಿವಾರಿಸಲು ಅತಿ ಸಮೀಪದ ಹಾದಿ, ಎಂಬುದು ಅದರ ಹೆಸರು. ಬರೆದವನು ಸ್ವತಃ ಭಿನ್ನಮತೀಯ. ಆದರೆ ಹೊತ್ತಗೆಯಲ್ಲಿ ಮಾತನಾಡುವವನು ಭಿನ್ನಮತೀಯರನ್ನು ದೇಶದಿಂದ ಓಡಿಸಬೇಕು, ಅವರ ಬೋಧಕರನ್ನು ಗಲ್ಲಿಗೇರಿಸಬೇಕು ಎನ್ನುವ ಕಟ್ಟಾ ಚರ್ಚುನಿಷ್ಠ. ಇದು ಅಣಕವೆಂಬುದನ್ನು ಅದರ ಮೊದಲ ಓದುಗರಲ್ಲಿ ಬಹುಮಂದಿ ಅರಿಯಲಿಲ್ಲ.

ಸಾಹಿತ್ಯ ಚರಿತ್ರೆಗಳಲ್ಲಿ ಈ ಪ್ರಸಂಗಕ್ಕೆ ಒಂದೆರಡು ಪುಟಗಳಿಗಿಂತ ಹೆಚ್ಚು ಸ್ಥಳ ದೊರೆಯುವುದು ಅಪರೂಪ. ಅಲ್ಲಿಯೂ ವಿವರಣೆ ಎರಡೇ ಬಗೆಯದು: ಓದುಗರು ಮಂದಮತಿಗಳಾಗಿದ್ದರು ಎಂಬುದೊಂದು, ಲೇಖಕನು ತನ್ನ ಕೆಲಸವನ್ನು ಸರಿಯಾಗಿ ನಿರ್ವಹಿಸಲಿಲ್ಲ ಎಂಬುದು ಇನ್ನೊಂದು. ಇವೆರಡೂ ಸಾಲವೆಂದು ನಮ್ಮ ಅಭಿಪ್ರಾಯ. ಒಂದು ವಿಡಂಬನೆಯು ಗುರುತು ಸಿಗದೆ ಹೋಯಿತೆಂದರೆ, ಆ ಕಾಲದಲ್ಲಿ ಜನರು ನಿಜವಾಗಿ ಆಡುತ್ತಿದ್ದ ಮಾತು ಎಲ್ಲಿಯವರೆಗೆ ಹೋಗಿತ್ತೆಂಬುದನ್ನು ಅದು ನಮಗೆ ತಿಳಿಸುತ್ತದೆ. ಆದುದರಿಂದ ಇದನ್ನು ಸಾಹಿತ್ಯದ ವಿನೋದಪ್ರಸಂಗವೆಂದು ಬಿಡದೆ ಇತಿಹಾಸದ ಸಾಕ್ಷ್ಯವೆಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅಂದಿನ ಇಂಗ್ಲೆಂಡಿನ ಪರಿಸ್ಥಿತಿಯನ್ನು ಸಂಕ್ಷೇಪವಾಗಿ ನೋಡಬೇಕು. ರಾಜಸ್ಥಾಪಿತ ಚರ್ಚಿನ ಪೂಜಾಕ್ರಮಕ್ಕೆ ಒಳಪಡದ ಪ್ರೊಟೆಸ್ಟೆಂಟರಿಗೆ, ಅಂದರೆ ಪ್ರೆಸ್ಬಿಟೀರಿಯನ್, ಇಂಡಿಪೆಂಡೆಂಟ್, ಬ್ಯಾಪ್ಟಿಸ್ಟ್ ಮೊದಲಾದ ಪಂಥದವರಿಗೆ, ‘ಡಿಸೆಂಟರು’ ಎಂದು ಹೆಸರು. ಇವರನ್ನೇ ನಾವು ಭಿನ್ನಮತೀಯರೆಂದು ಕರೆದಿದ್ದೇವೆ. 1661ರ ಕಾರ್ಪೊರೇಷನ್ ಶಾಸನವೂ 1673ರ ಟೆಸ್ಟ್ ಶಾಸನವೂ, ರಾಜಸ್ಥಾಪಿತ ಚರ್ಚಿನಲ್ಲಿ ಪ್ರಭುಭೋಜನ ಸಂಸ್ಕಾರವನ್ನು ಪಡೆಯದವರಿಗೆ ನಗರಸಭೆಗಳ ಅಧಿಕಾರವೂ ಸರಕಾರದ ಹುದ್ದೆಗಳೂ ಇಲ್ಲವೆಂದು ವಿಧಿಸಿದ್ದುವು. 1689ರ ಸಹಿಷ್ಣುತಾ ಶಾಸನದಿಂದ ಭಿನ್ನಮತೀಯರಿಗೆ ತಮ್ಮ ಸಭಾಗೃಹಗಳಲ್ಲಿ ಪ್ರಾರ್ಥನೆ ನಡೆಸುವ ಸ್ವಾತಂತ್ರ್ಯ ದೊರೆಯಿತಾದರೂ ಅಧಿಕಾರದ ಬಾಗಿಲು ತೆರೆಯಲಿಲ್ಲ. ಅನುಕೂಲಸ್ಥರಾದ ಕೆಲವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ವರ್ಷಕ್ಕೊಮ್ಮೆ ಚರ್ಚಿಗೆ ಹೋಗಿ ಸಂಸ್ಕಾರ ಪಡೆದು ಹುದ್ದೆಗೆ ಅರ್ಹರಾಗುವುದು, ಉಳಿದ ಭಾನುವಾರಗಳಲ್ಲಿ ತಮ್ಮ ಸಭಾಗೃಹಕ್ಕೇ ಹೋಗುವುದು. ಇದಕ್ಕೆ ‘ಪ್ರಾಸಂಗಿಕ ಅನುಸರಣೆ’ ಎಂದು ಹೆಸರಾಯಿತು. 1697ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆಗಿದ್ದ ಸರ್ ಹಂಫ್ರಿ ಎಡ್ವಿನ್ ಎಂಬಾತನು ತನ್ನ ಅಧಿಕಾರ ಲಾಂಛನಗಳೊಡನೆಯೇ ಭಿನ್ನಮತೀಯರ ಸಭೆಗೆ ಹೋದದ್ದು ದೊಡ್ಡ ಗದ್ದಲಕ್ಕೆ ಕಾರಣವಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಈ ನಡತೆಯನ್ನು ಚರ್ಚಿನವರಷ್ಟೇ ಅಲ್ಲದೆ ಡೀಫೋನೂ ಖಂಡಿಸಿದನು. ಅವನು ಮೇಣದಬತ್ತಿಯ ವ್ಯಾಪಾರಿಯೊಬ್ಬನ ಮಗ; ಚಾರ್ಲ್ಸ್ ಮಾರ್ಟನನ ಭಿನ್ನಮತೀಯ ವಿದ್ಯಾಶಾಲೆಯಲ್ಲಿ ಓದಿದವನು; ವ್ಯಾಪಾರಕ್ಕಿಳಿದು 1692ರಲ್ಲಿ ದಿವಾಳಿಯಾಗಿ, ಆಮೇಲೆ ಟಿಲ್ಬರಿಯಲ್ಲಿ ಇಟ್ಟಿಗೆ ಹಂಚುಗಳ ಕಾರಖಾನೆಯನ್ನು ನಡೆಸುತ್ತಿದ್ದವನು. 1698ರಲ್ಲಿ ಅವನು ಬರೆದ ಒಂದು ಹೊತ್ತಗೆಯಲ್ಲಿ, ಮನಸ್ಸಾಕ್ಷಿಗಾಗಿ ಚರ್ಚನ್ನು ಬಿಟ್ಟವರು ಪದವಿಗಾಗಿ ಮತ್ತೆ ಅದರ ಬಾಗಿಲಿಗೆ ಹೋಗುವುದು ದೇವರೊಡನೆ ಆಡುವ ಆಟವೆಂದು ತನ್ನವರನ್ನೇ ಕಟುವಾಗಿ ಟೀಕಿಸಿದ್ದನು. ಮುಂದೆ ಅವನು ಕಷ್ಟದಲ್ಲಿ ಸಿಕ್ಕಿದಾಗ ಸ್ವಪಕ್ಷದವರು ಹೆಚ್ಚು ಮರುಗದಿದ್ದುದಕ್ಕೆ ಇದೂ ಒಂದು ಕಾರಣವಾಗಿರಬೇಕು.

1702ರ ಮಾರ್ಚ್ 8ರಂದು ಮೂರನೆಯ ವಿಲಿಯಂ ತೀರಿಕೊಂಡು ಆನ್ ರಾಣಿ ಪಟ್ಟಕ್ಕೆ ಬಂದಳು. ಅವಳು ಚರ್ಚಿನಲ್ಲಿ ಗಾಢವಾದ ನಿಷ್ಠೆಯುಳ್ಳವಳು. ಸಹಿಷ್ಣುತಾ ಶಾಸನವನ್ನು ಉಳಿಸುವೆನೆಂದು ಪಾರ್ಲಿಮೆಂಟಿಗೆ ತಿಳಿಸಿದಳಾದರೂ, ಚರ್ಚಿನಲ್ಲಿ ಹೆಚ್ಚಿನ ಶ್ರದ್ಧೆಯುಳ್ಳವರಿಗೆ ತನ್ನ ಅನುಗ್ರಹ ಸಲ್ಲುವುದೆಂದೂ ಅದೇ ಉಸಿರಿನಲ್ಲಿ ಸೂಚಿಸಿದಳು. ಹದಿನಾಲ್ಕು ವರ್ಷ ಅದುಮಿಟ್ಟಿದ್ದ ಮಾತುಗಳಿಗೆ ಇಷ್ಟು ಸಾಕಾಯಿತು. ಆಕ್ಸ್‌ಫರ್ಡಿನ ಮಾಗ್ಡಲೆನ್ ಕಾಲೇಜಿನ ಹೆನ್ರಿ ಸಾಕೆವೆರೆಲ್ ಎಂಬ ಪಾದ್ರಿಯು ಅದೇ ಜೂನ್ ತಿಂಗಳಿನಲ್ಲಿ ವಿಶ್ವವಿದ್ಯಾನಿಲಯದ ಸಭೆಯೆದುರಿಗೆ ಉಪದೇಶ ಮಾಡುತ್ತ, ಚರ್ಚಿನ ಹಿತವನ್ನು ಬಯಸುವವರೆಲ್ಲರೂ ಇಂಥವರ ವಿರುದ್ಧ ರಕ್ತವರ್ಣದ ಯುದ್ಧಧ್ವಜವನ್ನು ಎತ್ತಬೇಕೆಂದು ಸಾರಿದನು. ಆ ಉಪದೇಶ ಅಚ್ಚಾಗಿ ಊರೂರಿನಲ್ಲಿ ಹಂಚಿಹೋಯಿತು. ನವೆಂಬರಿನಲ್ಲಿ ಕಾಮನ್ಸ್ ಸಭೆಯಲ್ಲಿ ಪ್ರಾಸಂಗಿಕ ಅನುಸರಣೆಯನ್ನು ನಿಷೇಧಿಸುವ ಮಸೂದೆ ಮಂಡಿತವಾಯಿತು. ಹುದ್ದೆಯಲ್ಲಿರುವವನು ಭಿನ್ನಮತೀಯರ ಸಭೆಗೆ ಹೋದರೆ 100 ಪೌಂಡು ದಂಡ, ಆಮೇಲೆಯೂ ಹುದ್ದೆಯನ್ನು ಬಿಡದಿದ್ದರೆ ದಿನಕ್ಕೆ 5 ಪೌಂಡಿನಂತೆ ಮತ್ತೆ ದಂಡ. ಈ ಮಸೂದೆಯ ಚರ್ಚೆ ನಡೆಯುತ್ತಿದ್ದಾಗಲೇ ಡೀಫೋನ ಹೊತ್ತಗೆ ಅಂಗಡಿಗಳಿಗೆ ಬಂದಿತು. (ಮೂಲ ದಾಖಲೆಗಳನ್ನು ನೋಡುವ ವಿದ್ಯಾರ್ಥಿಗಳು ಒಂದನ್ನು ನೆನಪಿಡಬೇಕು: ಆಗ ಇಂಗ್ಲೆಂಡಿನಲ್ಲಿ ವರ್ಷಾರಂಭವು ಮಾರ್ಚ್ 25ಕ್ಕೆ; 1703ರ ಜನವರಿ, ಫೆಬ್ರವರಿಗಳ ಘಟನೆಗಳಿಗೆ ಅಂದಿನ ಕಾಗದಗಳಲ್ಲಿ 1702 ಎಂದೇ ಇರುತ್ತದೆ.)

ಹೊತ್ತಗೆಯು ಒಂದು ನೀತಿಕಥೆಯಿಂದ ಆರಂಭವಾಗುತ್ತದೆ. ಕುದುರೆಗಳ ಲಾಯದಲ್ಲಿ ಸಿಕ್ಕಿಕೊಂಡ ಹುಂಜವೊಂದಕ್ಕೆ ಕೂರಲು ಅಡ್ಡೆ ಸಿಗದೆ ನೆಲದ ಮೇಲೆಯೇ ನಿಲ್ಲಬೇಕಾಗುತ್ತದೆ. ಸುತ್ತ ಕುದುರೆಗಳು ಕಾಲು ಝಾಡಿಸುವುದನ್ನು ಕಂಡು ಅದು, ನಾವು ಒಬ್ಬರನ್ನೊಬ್ಬರು ತುಳಿಯದಂತೆ ಎಲ್ಲರೂ ಸುಮ್ಮನೆ ನಿಲ್ಲೋಣವೆಂದು ಗಂಭೀರವಾಗಿ ಬುದ್ಧಿ ಹೇಳುತ್ತದೆ. ಅಧಿಕಾರದಲ್ಲಿದ್ದಾಗ ತುಳಿದವರು ಅಧಿಕಾರ ಹೋದ ಮೇಲೆ ಶಾಂತಿ, ಸೌಹಾರ್ದ ಎನ್ನುತ್ತಿದ್ದಾರೆಂಬುದು ಇಲ್ಲಿಯ ಕುಟುಕು. ಅನಂತರ ಇತಿಹಾಸ ಬರುತ್ತದೆ. ಈ ಪಂಥದವರು ಒಬ್ಬ ದೊರೆಯ ತಲೆ ಕಡಿದರು, ಇನ್ನೊಬ್ಬನನ್ನು ಓಡಿಸಿದರು, ಮೂರನೆಯವನನ್ನು ತಮ್ಮ ಕೈಗೊಂಬೆಯಾಗಿ ಮಾಡಿಕೊಂಡರು. ಮೊದಲನೆಯ ಜೇಮ್ಸನು ಇವರನ್ನೆಲ್ಲ ವೆಸ್ಟ್ ಇಂಡೀಸಿಗೆ ಅಟ್ಟಿಬಿಟ್ಟಿದ್ದರೆ ಈ ಅನರ್ಥಗಳೊಂದೂ ಆಗುತ್ತಿರಲಿಲ್ಲ. ಅವನ ಕರುಣೆಯ ಫಲವನ್ನು ಅವನ ಮಗ ಅನುಭವಿಸಿದನು.

ಬಳಿಕ ಲೇಖಕನು ಎದುರಾಳಿಗಳ ಆಕ್ಷೇಪಗಳನ್ನು ತಾನೇ ಎತ್ತಿ ತಾನೇ ಉತ್ತರಿಸುತ್ತಾನೆ. ಅವರ ಸಂಖ್ಯೆ ಬಹಳವೆಂದರೆ, ಫ್ರಾನ್ಸಿನ ಹ್ಯೂಗನಾಟರ ಸಂಖ್ಯೆ ಇನ್ನೂ ಹೆಚ್ಚಾಗಿತ್ತು, ಅಲ್ಲಿಯ ದೊರೆ ಅವರನ್ನು ತೀರಿಸಲಿಲ್ಲವೇ ಎನ್ನುತ್ತಾನೆ. ಹದಿನಾಲ್ಕನೆಯ ಲೂಯಿಯು 1685ರಲ್ಲಿ ನಾಂಟ್ ಶಾಸನವನ್ನು ರದ್ದುಪಡಿಸಿದ್ದು ಓದುಗರ ನೆನಪಿನಲ್ಲಿ ಹಸಿಯಾಗಿತ್ತು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಬಡಾವಣೆಯ ತುಂಬ ಅಲ್ಲಿಂದ ಓಡಿಬಂದ ನೇಕಾರರಿದ್ದರು. ಯುದ್ಧಕಾಲದಲ್ಲಿ ಒಗ್ಗಟ್ಟು ಬೇಕೆಂದರೆ, ಒಳಗಿನ ಶತ್ರುವನ್ನು ಕಳೆದುಕೊಳ್ಳಲು ಅದೇ ಸರಿಯಾದ ಸಮಯವೆನ್ನುತ್ತಾನೆ. ಇದು ಕ್ರೌರ್ಯವೆಂದರೆ, ಹಾವನ್ನು ಕೊಲ್ಲುವುದು ಹಾವಿಗೆ ಕ್ರೌರ್ಯವಾದೀತು, ನೆರೆಯವರಿಗೆ ದಯೆ ಎಂಬ ಉತ್ತರ ಸಿದ್ಧವಾಗಿದೆ. ಚರ್ಚಿಗೆ ಬಾರದಿದ್ದರೆ ಇಷ್ಟು ಷಿಲಿಂಗ್ ದಂಡವೆಂಬ ಕಾನೂನು ಪಾಪಕ್ಕೆ ಬೆಲೆ ಕಟ್ಟಿ ಮಾರಿದಂತೆ. ದಂಡದ ಬದಲು ಗ್ಯಾಲಿ ನೌಕೆಯ ಹುಟ್ಟನ್ನೂ ಗಲ್ಲುಮರವನ್ನೂ ಇಟ್ಟರೆ ಒಂದೇ ತಲೆಮಾರಿನಲ್ಲಿ ಎಲ್ಲರೂ ಚರ್ಚಿಗೆ ಬರುವರು. ಮೇಯರ್ ಪದವಿಗಾಗಿ ಚರ್ಚಿಗೆ ಹೋಗಬಲ್ಲವರು ನೇಣನ್ನು ತಪ್ಪಿಸಿಕೊಳ್ಳಲು ನಲವತ್ತು ಚರ್ಚುಗಳಿಗೆ ಹೋದಾರು! ಈ ಕಡೆಯ ಮಾತಿನಲ್ಲಿ ಮುಖವಾಡದ ಹಿಂದಿನ ಡೀಫೋನ ಸ್ವಂತ ಧ್ವನಿ ಕೇಳಿಸುತ್ತದೆಂದು ನಮಗೆ ತೋರುತ್ತದೆ. 1698ರ ಅವನ ಟೀಕೆಯೇ ಇಲ್ಲಿ ಶತ್ರುವಿನ ಬಾಯಿಂದ ಬಂದಿದೆ.

ಓದುಗರು ಇದನ್ನು ಹೇಗೆ ಸ್ವೀಕರಿಸಿದರು? ಕೇಂಬ್ರಿಜಿನ ಕಾಲೇಜೊಂದರ ಫೆಲೋ ಒಬ್ಬನು ಪುಸ್ತಕವ್ಯಾಪಾರಿಗೆ ಕಾಗದ ಬರೆದು, ಬೈಬಲ್ಲನ್ನೂ ಅದರ ಭಾಷ್ಯಗಳನ್ನೂ ಬಿಟ್ಟರೆ ತನಗೆ ಇದಕ್ಕಿಂತ ಅಮೂಲ್ಯವಾದ ಗ್ರಂಥವಿಲ್ಲವೆಂದು ಕೊಂಡಾಡಿದನೆಂಬ ಕಥೆ ಪ್ರಸಿದ್ಧವಾಗಿದೆ. ಕಥೆಯನ್ನು ಹೇಳಿದವರು ಎದುರುಪಕ್ಷದವರಾದುದರಿಂದ ಅದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಇಂಥ ಕಥೆ ಬಹು ಚೆನ್ನಾಗಿರುತ್ತದೆ, ಚೆನ್ನಾಗಿರುವುದೇ ಅನುಮಾನಕ್ಕೆ ಎಡೆ. ಆದರೆ ಅದೊಂದೇ ನಮ್ಮ ಆಧಾರವಲ್ಲ. ಹತ್ತು ವರ್ಷಗಳ ಬಳಿಕ, 1712ರಲ್ಲಿ, ಡೀಫೋನೇ ಆ ದಿನಗಳನ್ನು ನೆನೆದು, ಚರ್ಚಿನ ಪಕ್ಷದ ವಿವೇಕಿಗಳೂ ಇದಕ್ಕೆ ಮರುಳಾದರೆಂದೂ, ಕಾಲದ ಗಾಳಿಗೆ ಹೊಂದಿದ ಮನಸ್ಸಿನವರು ಅದನ್ನು ಅಪ್ಪಿಕೊಂಡು ಅದರ ವಾದಗಳನ್ನೇ ಬಾಯಲ್ಲಿ ತುಂಬಿಕೊಂಡರೆಂದೂ ಬರೆದಿದ್ದಾನೆ. ಭಿನ್ನಮತೀಯರು ಭಯಗೊಂಡರು. ಮಿಗಿಲಾಗಿ, ಕರ್ತೃವಿನ ಹೆಸರು ಹೊರಬಿದ್ದ ಮೇಲೆ ಎರಡು ಪಕ್ಷಗಳೂ ಅವನ ಮೇಲೆ ತಿರುಗಿದ ರಭಸವು ಮೊದಲಿನ ನಂಬಿಕೆ ಎಷ್ಟು ದೃಢವಾಗಿತ್ತೆಂಬುದಕ್ಕೆ ಸಾಕ್ಷಿ. ತನಗೆ ಮೋಸವಾಗದಿದ್ದರೆ ಯಾರೂ ಅಷ್ಟು ಸಿಟ್ಟಾಗುವುದಿಲ್ಲ.

ಹಾಗಾದರೆ ಅಣಕವು ಗುರುತು ಸಿಗದೆ ಹೋದುದೇಕೆ? ಈ ಪ್ರಶ್ನೆಗೆ ನಮ್ಮ ಆಲಂಕಾರಿಕರಿಂದ ಸ್ವಲ್ಪ ಬೆಳಕು ದೊರೆಯುತ್ತದೆ. ರುದ್ರಟನು ವಕ್ರೋಕ್ತಿಯನ್ನು ಶ್ಲೇಷವಕ್ರೋಕ್ತಿ, ಕಾಕುವಕ್ರೋಕ್ತಿ ಎಂದು ಎರಡಾಗಿ ವಿಂಗಡಿಸಿದನು. ಕಾಕು ಎಂದರೆ ಧ್ವನಿಯ ಬಾಗು. ‘ನೀನು ಬಹಳ ಉಪಕಾರ ಮಾಡಿದೆ’ ಎಂಬ ಮಾತು ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನು ಶಬ್ದಗಳು ಹೇಳಲಾರವು, ಧ್ವನಿ ಹೇಳುತ್ತದೆ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಇದಕ್ಕೆ ಆಕ್ಷೇಪವೆತ್ತಿ, ಕಾಕುವು ಪಠನದ ಧರ್ಮ, ಅದು ಅಲಂಕಾರವಾಗುವುದು ಹೇಗೆ ಎಂದು ಕೇಳುತ್ತಾನೆ. ಅಲಂಕಾರಶಾಸ್ತ್ರದ ದೃಷ್ಟಿಯಿಂದ ಇವರಲ್ಲಿ ಯಾರದು ಸರಿಯೋ, ಆ ಚರ್ಚೆ ನಮಗಿಲ್ಲಿ ಬೇಡ. ಆದರೆ ರಾಜಶೇಖರನ ಮಾತು ಮುದ್ರಿತ ಬರೆಹದ ಕಷ್ಟವನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಕಾಕುವು ಪಠನದಲ್ಲಿರುವುದಾದರೆ ಅಚ್ಚಿನ ಹಾಳೆಯಲ್ಲಿ ಅದು ಇರುವುದಿಲ್ಲ. ಓದುಗನೇ ಅದನ್ನು ಒದಗಿಸಿಕೊಳ್ಳಬೇಕು. ಒದಗಿಸಿಕೊಳ್ಳಲು ಅವನಿಗೆ ಏನಾದರೊಂದು ಆಧಾರ ಬೇಕು.

ಸಾಮಾನ್ಯವಾಗಿ ಆ ಆಧಾರವೆಂದರೆ ಮಾತನಾಡುವವನು ಯಾರೆಂಬ ತಿಳಿವಳಿಕೆ. ನಮ್ಮ ದಾಸರ ನಿಂದಾಸ್ತುತಿಗಳಲ್ಲಿ ದೇವರನ್ನು ಕಳ್ಳನೆಂದೂ ಜಿಪುಣನೆಂದೂ ಬೈದಿರುವುದನ್ನು ಕೇಳಿ ಯಾವ ಶ್ರೋತೃವೂ ಹಾಡುವವನನ್ನು ನಾಸ್ತಿಕನೆಂದು ತಿಳಿಯುವುದಿಲ್ಲ. ಕೈಯಲ್ಲಿ ತಂಬೂರಿಯಿದೆ, ಹಾಡಿನ ಕೊನೆಯಲ್ಲಿ ಅಂಕಿತವಿದೆ. ಡೀಫೋನ ಹೊತ್ತಗೆಯಲ್ಲಿ ಅಂಕಿತವೇ ಇರಲಿಲ್ಲ. ಹೆಸರಿಲ್ಲದೆ ಬರೆಯುವುದು ಅಂದಿನ ರಾಜಕೀಯ ಹೊತ್ತಗೆಗಳಲ್ಲಿ ವಾಡಿಕೆಯೇ ಆದುದರಿಂದ ಆ ಕೊರತೆಯು ಯಾರ ಶಂಕೆಯನ್ನೂ ಎಬ್ಬಿಸಲಿಲ್ಲ. 1695ರಲ್ಲಿ ಮುದ್ರಣದ ಪರವಾನಗಿ ಶಾಸನವು ಅವಧಿ ಮುಗಿದು ಬಿದ್ದುಹೋದ ಮೇಲೆ ಇಂಥ ಹೊತ್ತಗೆಗಳ ಪ್ರವಾಹವೇ ಹರಿಯುತ್ತಿತ್ತು. ಅಚ್ಚಿಗೆ ಮೊದಲು ತಡೆಯುವವರಿರಲಿಲ್ಲ, ಆಮೇಲೆ ಶಿಕ್ಷಿಸುವವರು ಮಾತ್ರ ಇದ್ದರು.

ಇನ್ನೊಂದು ಆಧಾರವಿರಬಹುದಾಗಿತ್ತು, ಅದು ಅತಿಶಯೋಕ್ತಿ. ಈ ವಿಷಯದಲ್ಲಿ ಜೊನಾಥನ್ ಸ್ವಿಫ್ಟನ ‘ಎ ಮಾಡೆಸ್ಟ್ ಪ್ರಪೋಸಲ್’ ಎಂಬ 1729ರ ಹೊತ್ತಗೆಯೊಡನೆ ಹೋಲಿಸುವುದು ವಾಡಿಕೆ. ಐರ್ಲೆಂಡಿನ ಬಡವರು ತಮ್ಮ ಎಳೆಯ ಮಕ್ಕಳನ್ನು ಶ್ರೀಮಂತರ ಊಟದ ಮೇಜಿಗೆ ಮಾರಬೇಕೆಂಬ ಅಲ್ಲಿಯ ಸಲಹೆಯನ್ನು ನಿಜವಾಗಿ ಸೂಚಿಸುವವರು ಯಾವ ಪಕ್ಷದಲ್ಲಿಯೂ ಇರಲಿಲ್ಲ. ಲೆಕ್ಕಾಚಾರದ ಶೈಲಿ ಎಷ್ಟೇ ಶಾಂತವಾಗಿರಲಿ, ಸಲಹೆಯ ಘೋರತೆಯೇ ಓದುಗನನ್ನು ಎಚ್ಚರಿಸುತ್ತದೆ. ಡೀಫೋನಿಗೆ ಅಂಥ ಅಂತರ ದೊರೆಯಲಿಲ್ಲ. ಸಾಕೆವೆರೆಲನು ರಕ್ತಧ್ವಜವೆಂದಿದ್ದನು, ಡೀಫೋ ಗಲ್ಲುಮರವೆಂದನು. ಇವೆರಡರ ನಡುವೆ ಇದ್ದುದು ರೂಪಕವೊಂದನ್ನು ಬಿಡಿಸಿ ಹೇಳಿದಷ್ಟೇ ವ್ಯತ್ಯಾಸ. 1703ರ ಜನವರಿಯಲ್ಲಿ ತನ್ನ ಹೊತ್ತಗೆಗೆ ವಿವರಣೆಯೊಂದನ್ನು ಅಚ್ಚುಮಾಡಿಸಿದಾಗ ಅವನು ಹೇಳಿಕೊಂಡದ್ದೂ ಇದನ್ನೇ: ಅವರ ಉಪದೇಶಗಳಲ್ಲಿಯೂ ಬರೆಹಗಳಲ್ಲಿಯೂ ಸುತ್ತುಬಳಸಿ ಹೇಳಿರುವುದನ್ನು ತಾನು ನೇರವಾದ ಇಂಗ್ಲಿಷಿನಲ್ಲಿ ಹೇಳಿದ್ದೇನೆ, ಅಷ್ಟೇ. ನಿಜದ ಮಾತು ತಾನಾಗಿಯೇ ಅಂಚಿಗೆ ಬಂದು ನಿಂತಿರುವಾಗ ಅದನ್ನು ಉತ್ಪ್ರೇಕ್ಷಿಸಹೊರಟ ಅಣಕಕ್ಕೆ ಮುಂದೆ ಹೆಜ್ಜೆಯಿಡಲು ಸ್ಥಳವಿರುವುದಿಲ್ಲ. ಓದುಗರು ಮಂದಮತಿಗಳಾಗಿದ್ದರೆಂಬ ವಿವರಣೆಯನ್ನು ನಾವು ಒಪ್ಪದಿರುವುದು ಈ ಕಾರಣದಿಂದ. ಅವರು ತಮ್ಮ ಕಾಲದ ಮಾತನ್ನು ಸರಿಯಾಗಿಯೇ ಗುರುತಿಸಿದರು. ಅದನ್ನು ಆಡುತ್ತಿದ್ದ ವ್ಯಕ್ತಿಯನ್ನು ಗುರುತಿಸಲಿಲ್ಲ.

ಲೇಖಕನು ಸೋತನೆಂಬ ಎರಡನೆಯ ವಿವರಣೆಗೆ ಹೆಚ್ಚಿನ ಬಲವಿದೆ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಈಯನ್ ವಾಟ್ ಎಂಬ ವಿಮರ್ಶಕನು 1957ರಲ್ಲಿ ಪ್ರಕಟವಾದ ‘ದಿ ರೈಸ್ ಆಫ್ ದಿ ನಾವೆಲ್’ ಗ್ರಂಥದಲ್ಲಿ, ಇದು ವ್ಯಂಗ್ಯದ ಕೃತಿಯೇ ಅಲ್ಲ, ವೇಷಧಾರಣೆಯ ಕೃತಿ ಎಂಬ ಅಭಿಪ್ರಾಯವನ್ನು ಕೊಟ್ಟಿದ್ದಾನೆ. ಮ್ಯಾಕ್ಸಿಮಿಲಿಯನ್ ನೋವಾಕ್ 1966ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಈ ಹೊತ್ತಗೆಯನ್ನು ಯಾವ ಜಾತಿಗೆ ಸೇರಿಸಬಹುದೆಂಬುದಕ್ಕೆ ಆರು ಹೆಸರುಗಳಿವೆ! ಕ್ರೂಸೋವನ್ನೂ ಮಾಲ್ ಫ್ಲ್ಯಾಂಡರ್ಸಳನ್ನೂ ಸೃಷ್ಟಿಸಿ, ಕಲ್ಪಿತ ವ್ಯಕ್ತಿಯ ಆತ್ಮಕಥೆಯನ್ನು ನಿಜವೆಂದೇ ನಂಬಿಸಬಲ್ಲ ಶಕ್ತಿ ಡೀಫೋನಲ್ಲಿ ಆಗಲೇ ಇತ್ತು. ಅವನು ಹೊಕ್ಕ ವೇಷದಿಂದ ಸ್ವಲ್ಪವೂ ಹೊರಗೆ ಇಣುಕುವವನಲ್ಲ. ಕಣ್ಣು ಮಿಟುಕಿಸುವ ವಿಡಂಬನಕಾರನಿಗೆ ಬೇಕಾದ ಗುಣ ಇದಲ್ಲವೆಂಬುದು ಸರಿಯೇ. ಆದರೂ ಸೋಲೆಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕು. ಮೊದಲ ಓದಿನಲ್ಲಿಯೇ ಎಲ್ಲರಿಗೂ ಅಣಕವೆಂದು ತಿಳಿದಿದ್ದರೆ ಒಂದು ಪಕ್ಷ ನಕ್ಕು, ಇನ್ನೊಂದು ಪಕ್ಷ ಗೊಣಗಿ, ಹೊತ್ತಗೆ ಮರೆತುಹೋಗುತ್ತಿತ್ತು. ನಂಬಿ ಹೊಗಳಿದ ಬಳಿಕ ತಿಳಿದುದರಿಂದಲೇ ಚರ್ಚಿನ ಪಕ್ಷದವರು ತಮ್ಮ ಮನಸ್ಸನ್ನು ತಾವೇ ಹೊರಗಿಟ್ಟಂತಾಯಿತು. ಡೀಫೋ ಇದನ್ನೆಲ್ಲ ಮೊದಲೇ ಎಣಿಸಿಟ್ಟುಕೊಂಡಿದ್ದನೆಂದು ಹೇಳುವ ಧೈರ್ಯ ನಮಗಿಲ್ಲ. ವಿವರಣೆಯನ್ನು ಅಚ್ಚುಮಾಡಿಸಿದ ಅವನ ಅವಸರವನ್ನು ನೋಡಿದರೆ ಅವನೂ ಬೆಚ್ಚಿದ್ದನೆಂದೇ ತೋರುತ್ತದೆ.

ಸರಕಾರದ ಕೋಪಕ್ಕೆ ಗುರಿಯಾದುದು ಈ ಬಯಲುಮಾಡುವಿಕೆ. ಕಾರ್ಯದರ್ಶಿ ನಾಟಿಂಗ್‌ಹ್ಯಾಮ್ ಪ್ರಭು ಸ್ವತಃ ಕಟ್ಟಾ ಚರ್ಚುನಿಷ್ಠ. 1703ರ ಜನವರಿ ಆರಂಭದಲ್ಲಿ ಅವನು ಡೀಫೋನ ಬಂಧನಕ್ಕೆ ಆಜ್ಞೆ ಹೊರಡಿಸಿದನು. ಡೀಫೋ ತಲೆಮರೆಸಿಕೊಂಡು, ಸೆರೆಮನೆಯೊಂದನ್ನು ಬಿಟ್ಟು ಬೇರೇನನ್ನಾದರೂ ಸಹಿಸುವೆನೆಂದೂ, ನೆದರ್ಲೆಂಡ್ಸಿನ ಯುದ್ಧದಲ್ಲಿ ಸೈನಿಕನಾಗಿ ಸೇವೆ ಸಲ್ಲಿಸಲು ಸಿದ್ಧನೆಂದೂ ಅವನಿಗೆ ಕಾಗದ ಬರೆದನು. ಉತ್ತರವಾಗಿ ‘ಲಂಡನ್ ಗೆಜೆಟ್’ ಪತ್ರಿಕೆಯಲ್ಲಿ, ಅವನನ್ನು ಹಿಡಿದುಕೊಟ್ಟವರಿಗೆ 50 ಪೌಂಡು ಬಹುಮಾನವೆಂಬ ಪ್ರಕಟಣೆ ಬಂದಿತು. ನಡುಎತ್ತರದ ತೆಳ್ಳನೆಯ ಆಳು, ವಯಸ್ಸು ನಲವತ್ತರಷ್ಟು, ಕಂದು ಮೈಬಣ್ಣ, ಕೊಕ್ಕಿನಂಥ ಮೂಗು, ಚೂಪು ಗಲ್ಲ, ಬೂದುಗಣ್ಣು, ಬಾಯ ಬಳಿ ದೊಡ್ಡ ಮಚ್ಚೆ. ಇಂಗ್ಲಿಷ್ ಕಾದಂಬರಿಯ ಪಿತಾಮಹರಲ್ಲಿ ಒಬ್ಬನ ರೂಪು ಹೇಗಿತ್ತೆಂದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಈ ಪೋಲೀಸು ವರ್ಣನೆಯಿಂದ. ಫೆಬ್ರವರಿ 25ರಂದು ಕಾಮನ್ಸ್ ಸಭೆಯು ಹೊತ್ತಗೆಯನ್ನು ನೇಣುಗಾರನ ಕೈಯಿಂದ ಸುಡಿಸಲು ನಿರ್ಣಯಿಸಿತು. ಮೇ 21ರಂದು ಸ್ಪಿಟಲ್‌ಫೀಲ್ಡ್ಸಿನ ನೇಕಾರನೊಬ್ಬನ ಮನೆಯಲ್ಲಿ ಡೀಫೋ ಸೆರೆಸಿಕ್ಕಿದನು.

ವಿಚಾರಣೆಯು ಜುಲೈ ತಿಂಗಳಿನಲ್ಲಿ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ನಡೆಯಿತು. ಇದು ಅಣಕವೆಂಬುದು ಅಷ್ಟುಹೊತ್ತಿಗೆ ಎಲ್ಲರಿಗೂ ತಿಳಿದ ಸಂಗತಿ. ಆದರೆ ತಿಳಿದದ್ದರಿಂದ ಆರೋಪಿಗೆ ಏನೂ ಪ್ರಯೋಜನವಾಗಲಿಲ್ಲ. ರಾಜದ್ರೋಹಕರ ಬರೆಹದ ಮೊಕದ್ದಮೆಗಳಲ್ಲಿ ಆರೋಪಿಯು ಅದನ್ನು ಪ್ರಕಟಿಸಿದನೇ ಎಂಬುದನ್ನಷ್ಟೇ ಜೂರಿಗಳು ನಿರ್ಧರಿಸಬೇಕು. ಬರೆಹವು ದ್ರೋಹಕರವೇ ಅಲ್ಲವೇ ಎಂಬುದು ನ್ಯಾಯಾಧೀಶರಿಗೆ ಬಿಟ್ಟ ವಿಷಯ. ಈ ಪದ್ಧತಿಯು ಶಾಸನದ ಮೂಲಕ ಬದಲಾದುದು 1792ರಲ್ಲಿ. ಆರೋಪಿಯ ದುರದೃಷ್ಟಕ್ಕೆ, ನ್ಯಾಯಪೀಠದಲ್ಲಿ ಕುಳಿತವರಲ್ಲಿ ಒಬ್ಬನಾದ ಸರ್ ಸಲಾಥಿಯಲ್ ಲವೆಲ್ ಎಂಬ ನಗರಾಧಿಕಾರಿಯನ್ನು ಡೀಫೋ ಹಿಂದಿನ ವರ್ಷವಷ್ಟೇ ಪದ್ಯವೊಂದರಲ್ಲಿ ಹೀಯಾಳಿಸಿದ್ದನು; ಆ ವಿಡಂಬನೆಯನ್ನು ಗುರುತಿಸಲು ಲವೆಲನಿಗೆ ಯಾವ ಕಷ್ಟವೂ ಆಗಿರಲಿಲ್ಲ. ಡೀಫೋ ತಪ್ಪೊಪ್ಪಿಕೊಂಡು ದಯೆಯನ್ನು ಬೇಡಿದನು. ಶಿಕ್ಷೆ ಹೀಗಿತ್ತು: 200 ಮಾರ್ಕ್ ದಂಡ, ಅಂದರೆ 133 ಪೌಂಡಿಗೆ ಸ್ವಲ್ಪ ಮೇಲೆ, ಏಳು ವರ್ಷಗಳ ಸದ್ವರ್ತನೆಗೆ ಜಾಮೀನು, ಮೂರು ಸಲ ‘ಪಿಲರಿ’ಯಲ್ಲಿ ನಿಲ್ಲುವುದು.

ಪಿಲರಿ ಎಂಬುದು ಕೊರಳನ್ನೂ ಕೈಗಳನ್ನೂ ಹಲಗೆಯ ತೂತುಗಳಲ್ಲಿ ಸಿಕ್ಕಿಸಿ ಅಪರಾಧಿಯನ್ನು ಬಯಲಿನಲ್ಲಿ ನಿಲ್ಲಿಸುವ ದಂಡಸ್ತಂಭ. ಗುಂಪು ಕೊಳೆತ ತರಕಾರಿಯನ್ನೂ ಕೆಲವು ಸಲ ಕಲ್ಲುಗಳನ್ನೂ ಎಸೆಯುತ್ತಿತ್ತು. ಕಣ್ಣು ಕಳೆದುಕೊಂಡವರೂ ಸತ್ತವರೂ ಉಂಟು. ಜುಲೈ 29, 30, 31ರಂದು ಕಾರ್ನ್‌ಹಿಲ್, ಚೀಪ್‌ಸೈಡ್, ಟೆಂಪಲ್ ಬಾರ್ ಎಂಬ ಮೂರು ಸ್ಥಳಗಳಲ್ಲಿ ಡೀಫೋನನ್ನು ನಿಲ್ಲಿಸಿದರು. ಮೊದಲ ದಿನವೇ ‘ಎ ಹಿಮ್ ಟು ದಿ ಪಿಲರಿ’ ಎಂಬ ಅವನ ಪದ್ಯ ಬೀದಿಯಲ್ಲಿ ಮಾರಾಟಕ್ಕೆ ಬಂದಿತು. ಜನರು ಅವನ ಮೇಲೆ ಹೂ ಎರಚಿದರೆಂಬುದು ಪ್ರಾಯಶಃ ಅನಂತರದ ಅಲಂಕಾರ. ಹಲ್ಲೆ ಮಾಡದೆ ಅವನ ಪರವಾಗಿ ನಿಂತರೆಂಬುದನ್ನು ಮಾತ್ರ ಅವನ ವೈರಿಗಳೂ ಒಪ್ಪಿದ್ದಾರೆ. ಈ ಪದ್ಯದ ಕೆಳಗೆ ಹೆಸರು ಬೇಕಾಗಿರಲಿಲ್ಲ, ಯಾಕೆಂದರೆ ಕರ್ತೃವು ಕಣ್ಣೆದುರಿಗೇ ನಿಂತಿದ್ದನು. ಅಣಕಕ್ಕೆ ಬೇಕಾದ ಕಾಕುವನ್ನು ಆ ದಿನ ಸರಕಾರವೇ ಒದಗಿಸಿಕೊಟ್ಟಿತು.

ನವೆಂಬರಿನಲ್ಲಿ ರಾಬರ್ಟ್ ಹಾರ್ಲಿ ಎಂಬ ರಾಜಕಾರಣಿಯ ಪ್ರಯತ್ನದಿಂದ ಅವನ ಬಿಡುಗಡೆಯಾಯಿತು. ದಂಡದ ಹಣವು ರಾಣಿಯ ಬೊಕ್ಕಸದಿಂದ ಸಂದಿತು. ಆ ವೇಳೆಗೆ ಟಿಲ್ಬರಿಯ ಕಾರಖಾನೆ ಹಾಳಾಗಿತ್ತು. ಉಪಕಾರಕ್ಕೆ ಪ್ರತಿಯಾಗಿ ಅವನು ಹಾರ್ಲಿಯ ಗುಪ್ತಚಾರನೂ ಲೇಖಕನೂ ಆದನು. 1704ರ ಫೆಬ್ರವರಿಯಿಂದ 1713ರವರೆಗೆ ‘ರಿವ್ಯೂ’ ಪತ್ರಿಕೆಯನ್ನು ನಡೆಸಿದನು. ಪ್ರಾಸಂಗಿಕ ಅನುಸರಣೆಯ ಮಸೂದೆಯು ಲಾರ್ಡ್ಸ್ ಸಭೆಯ ತಡೆಯಿಂದ ಮತ್ತೆ ಮತ್ತೆ ಬಿದ್ದು, ಕೊನೆಗೆ 1711ರಲ್ಲಿ ಶಾಸನವಾಗಿ, ಎಂಟು ವರ್ಷಗಳಲ್ಲಿ ರದ್ದಾಯಿತು. ಸಾಕೆವೆರೆಲನು 1709ರ ನವೆಂಬರಿನಲ್ಲಿ ಇನ್ನೂ ಉಗ್ರವಾದ ಉಪದೇಶ ಮಾಡಿ ಪಾರ್ಲಿಮೆಂಟಿನ ವಿಚಾರಣೆಗೆ ಗುರಿಯಾದನು. 1710ರ ಮಾರ್ಚ್ 1ರ ರಾತ್ರಿ ಅವನ ಪರವಾದ ಗುಂಪುಗಳು ಲಂಡನ್ನಿನಲ್ಲಿ ಭಿನ್ನಮತೀಯರ ಸಭಾಗೃಹಗಳನ್ನು ಒಡೆದು, ಪೀಠಗಳನ್ನೂ ಬೆಂಚುಗಳನ್ನೂ ಬೀದಿಯಲ್ಲಿ ರಾಶಿಹಾಕಿ ಸುಟ್ಟುವು. ಅವನಿಗಾದ ಶಿಕ್ಷೆಯೆಂದರೆ ಮೂರು ವರ್ಷ ಉಪದೇಶ ಮಾಡಬಾರದೆಂಬುದು. ನಿಜದ ಮಾತಿಗೂ ಅದರ ಅಣಕಕ್ಕೂ ದೊರೆತ ಶಿಕ್ಷೆಗಳನ್ನು ವಿದ್ಯಾರ್ಥಿಗಳು ಹೋಲಿಸಿ ನೋಡಬಹುದು.

ಇತಿಹಾಸದ ಅಧ್ಯಾಪಕರಾದ ನಮಗೆ ಈ ಪ್ರಸಂಗದಲ್ಲಿ ಇನ್ನೊಂದು ತೊಡಕು ಕಾಣುತ್ತದೆ. ಡೀಫೋನ ಹೆಸರು ಹೊರಬೀಳದೆ ಹೋಗಿದ್ದರೆ ಏನಾಗುತ್ತಿತ್ತು? ಮುದ್ರಕನೂ ಹಸ್ತಪ್ರತಿಯನ್ನು ತಲುಪಿಸಿದವನೂ ಬಾಯಿ ಬಿಡದಿದ್ದರೆ, ಈ ಹೊತ್ತಗೆಯು ಪುಸ್ತಕ ಭಂಡಾರಗಳಲ್ಲಿ ಚರ್ಚುಪಕ್ಷದ ಇತರ ಹೊತ್ತಗೆಗಳೊಡನೆ ಒಂದೇ ಕಟ್ಟಿನಲ್ಲಿ ಕುಳಿತಿರುತ್ತಿತ್ತು. 1702ರಲ್ಲಿ ಭಿನ್ನಮತೀಯರನ್ನು ಗಲ್ಲಿಗೇರಿಸಲು ಬಹಿರಂಗ ಸಲಹೆ ನಡೆದಿತ್ತೆಂದು ನಮ್ಮ ಪಠ್ಯಪುಸ್ತಕಗಳು ಅಡಿಟಿಪ್ಪಣಿ ಸಹಿತ ಬರೆಯುತ್ತಿದ್ದುವು. ಹೆಸರಿಲ್ಲದ ಹೊತ್ತಗೆಗಳು ಆ ಕಾಲದಿಂದ ಸಾವಿರಾರು ಉಳಿದುಬಂದಿವೆ. ಅವುಗಳಲ್ಲಿ ಎಷ್ಟರ ಕರ್ತೃಗಳು ಮುಖವಾಡ ಹಾಕಿದ್ದರು? ಸಮಕಾಲೀನರೇ ಗುರುತಿಸದ ಅಣಕವನ್ನು ಮುನ್ನೂರು ವರ್ಷಗಳ ಈಚೆಯವರು ಶೈಲಿಯಿಂದ ಮಾತ್ರ ಕಂಡುಹಿಡಿಯುವೆವೆನ್ನುವುದು ದುಸ್ಸಾಹಸ. ಅಂತೆಯೇ, ನಮಗೆ ಇಂದು ಅಸಂಬದ್ಧವೆಂದು ತೋರುವ ಬರೆಹವನ್ನೆಲ್ಲ ಅಣಕವಿರಬೇಕೆಂದು ಊಹಿಸುವುದೂ ಅಷ್ಟೇ ಅಪಾಯಕರ. ಮನುಷ್ಯರು ಘೋರವಾದುದನ್ನು ಮನಃಪೂರ್ವಕವಾಗಿಯೇ ಬರೆದಿರುವುದಕ್ಕೆ ನಿದರ್ಶನಗಳು ಕಡಮೆಯಿಲ್ಲ.

ಡೀಫೋನ ವಿಷಯದಲ್ಲಿ ಕಥೆ ಇಲ್ಲಿಗೆ ನಿಲ್ಲಲಿಲ್ಲವೆಂಬುದು ಸ್ವಾರಸ್ಯ. ಆನ್ ರಾಣಿಗೆ ಮಕ್ಕಳುಳಿಯಲಿಲ್ಲ. ಅವಳ ಬಳಿಕ ಹ್ಯಾನೋವರಿನ ಪ್ರೊಟೆಸ್ಟೆಂಟ್ ಮನೆತನ ಬರಬೇಕೆಂದು ಕಾನೂನಿತ್ತು. ಓಡಿಹೋದ ಎರಡನೆಯ ಜೇಮ್ಸನ ಮಗನನ್ನು ಕರೆಸುವ ಆಸೆಯುಳ್ಳವರೂ ಇದ್ದರು. 1713ರ ವಸಂತದಲ್ಲಿ ಡೀಫೋ ಮೂರು ಹೊತ್ತಗೆಗಳನ್ನು ಹೊರಡಿಸಿದನು. ಒಂದರ ಹೆಸರು ಹ್ಯಾನೋವರ್ ಉತ್ತರಾಧಿಕಾರಕ್ಕೆ ವಿರುದ್ಧವಾದ ಕಾರಣಗಳು. ಇನ್ನೊಂದರ ಹೆಸರು, ಆ ರಾಜಕುಮಾರನೇ ಬಂದರೆ ಏನಂತೆ ಎಂಬ ಅರ್ಥದ್ದು. ಮೂರನೆಯದು, ರಾಣಿ ಸತ್ತರೆ ಏನೆಂಬ ಪ್ರಶ್ನೆ. ಒಳಗಿನ ಅಭಿಪ್ರಾಯ ಹೆಸರಿಗೆ ತೀರ ವಿರುದ್ಧ. ಈ ಸಲ ಅವನ ಮೇಲೆ ದೂರು ಕೊಟ್ಟವರು ಹ್ಯಾನೋವರ್ ಪಕ್ಷಪಾತಿಗಳಾದ ವಿಗ್ಗರು, ಅಂದರೆ ಯಾರ ಪರವಾಗಿ ಅವನು ಬರೆದಿದ್ದನೋ ಅವರೇ. ಏಪ್ರಿಲಿನಲ್ಲಿ ಬಂಧನವಾಯಿತು. ಇವು ವ್ಯಂಗ್ಯವಾಗಿ ಬರೆದವುಗಳೆಂಬ ಅವನ ವಾದವನ್ನು ನ್ಯಾಯಾಧೀಶರು ಮನ್ನಿಸಲಿಲ್ಲ. ನವೆಂಬರಿನಲ್ಲಿ ಹಾರ್ಲಿಯು ರಾಣಿಯಿಂದ ಕ್ಷಮಾಪತ್ರವನ್ನು ಕೊಡಿಸಬೇಕಾಯಿತು. 1714ರ ಆಗಸ್ಟ್ 1ರಂದು ರಾಣಿ ತೀರಿಕೊಂಡಳು. ಹ್ಯಾನೋವರಿನ ಜಾರ್ಜನು ರಕ್ತಪಾತವಿಲ್ಲದೆ ಪಟ್ಟವೇರಿದನು. ಮರುವರ್ಷ ಡೀಫೋ ತನ್ನ ನಡತೆಯನ್ನು ಸಮರ್ಥಿಸಿಕೊಂಡು ಬರೆದ ಹೊತ್ತಗೆಯಲ್ಲಿ, ಹ್ಯಾನೋವರಿನ ದೊರೆಯೇ ಸಾವಿರ ಪೌಂಡು ಕೊಟ್ಟು ಬರೆಸಿದ್ದರೂ ತಾನು ಅವನ ಪಕ್ಷಕ್ಕೆ ಇದಕ್ಕಿಂತ ಹೆಚ್ಚಿನ ಸೇವೆಯನ್ನು ಮಾಡಲಾಗುತ್ತಿರಲಿಲ್ಲವೆಂದು ಹೇಳಿಕೊಂಡನು. ಅದಕ್ಕೆ ಅವನು ತನ್ನ ಹೆಸರನ್ನು ಹಾಕಿದ್ದನು.